ತಪ್ಪು ನಮ್ಮದು, ದಂಡ ಅವರದು

ಎಫ್‌ಡಿ ಮುರಿಸಲು ಬಂದವರ ಮುಖ ಆಮೇಲೆ ನೋಡಿ, ಮೊದಲು ಬಾಂಡಿನ ಮೇಲಿನ ತಾರೀಖು ನೋಡಿ. ಬ್ಯಾಂಕಿನ ಕೌಂಟರಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದ ಮೊದಲ ಮಾತು ಇದು. ಟ್ರೈನಿಂಗಿನಲ್ಲಿ ಇದನ್ನು ಹೇಳಿಕೊಡುವುದಿಲ್ಲ. ಅಲ್ಲಿ ನಗುನಗುತ್ತಾ ಮಾತಾಡುವುದು ಹೇಗೆ, ಎಫ್‌ಡಿ ಇಡಲು ಬಂದವರಿಗೆ ಇನ್ಶೂರೆನ್ಸ್ ಪಾಲಿಸಿ ಮಾರುವುದು ಹೇಗೆ ಅಂತ ಹೇಳಿಕೊಡುತ್ತಾರೆ. ನನಗೆ ಈ ಪಾಠ ಕಲಿಸಿದವರು ಒಬ್ಬ ಲೇತ್ ಕೆಲಸಗಾರರು, ಅದೂ ಅವರ ಖರ್ಚಿನಲ್ಲಿ.

ಮೂವತ್ತನಾಲ್ಕು ವರ್ಷ ನಾನು ಕ್ಲರ್ಕ್ ಆಗಿದ್ದೆ. ಬಡ್ತಿಯ ಕಥೆ ಕೇಳಬೇಡಿ, ಹೇಳುವಂಥದ್ದು ಏನೂ ಇಲ್ಲ. ಹೆಚ್ಚಿನ ಕಾಲ ಕೂತಿದ್ದು ಠೇವಣಿ ಕೌಂಟರಿನಲ್ಲಿ, ಮೊದಲು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್ ಹತ್ತಿರ, ಆಮೇಲೆ ವಿಜಯನಗರದಲ್ಲಿ. ನಮ್ಮ ಬ್ಯಾಂಕಿನ ನಿಯಮ ಸರಳ. ಅವಧಿಗೆ ಮುಂಚೆ ದುಡ್ಡು ತೆಗೆದರೆ, ದುಡ್ಡು ಇದ್ದಷ್ಟು ಕಾಲಕ್ಕೆ ಯಾವ ದರವೋ ಆ ದರ, ಅದರಲ್ಲೂ ನೂರಕ್ಕೆ ಒಂದು ರೂಪಾಯಿ ಕಡಿತ. ಓದಲು ಒಂದೇ ಸಾಲು. ಆ ಸಾಲಿನ ಕೆಳಗೆ ಎಷ್ಟು ಜನ ಸಿಕ್ಕಿಕೊಂಡರು ಎಂಬುದನ್ನು ಎದುರಿಗೆ ಕೂತು ನೋಡಿದವಳು ನಾನು.

ಲೇತ್ ಕೆಲಸಗಾರರ ಹೆಸರು ಪುಟ್ಟಸ್ವಾಮಪ್ಪ. ಅವರ ಐದು ವರ್ಷದ ಠೇವಣಿ ಒಂದು ಶುಕ್ರವಾರ ಮುಗಿಯಬೇಕಿತ್ತು. ಅವರ ಫ್ಯಾಕ್ಟರಿಗೆ ಗುರುವಾರ ರಜೆ, ಹಾಗಾಗಿ ಗುರುವಾರವೇ ಬಂದರು. ಆಗ ಕಂಪ್ಯೂಟರ್ ಇರಲಿಲ್ಲ. ಲೆಡ್ಜರ್ ಬಿಚ್ಚಿ, ಬಡ್ಡಿಯ ಟೇಬಲ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೈಯಲ್ಲೇ ಲೆಕ್ಕ ಹಾಕಬೇಕು. ನಾನು ಹೊಸಬಳು, ದಂಡ ಹಾಕುವುದು ಹೇಗೆಂದು ಹಿಂದಿನ ವಾರವಷ್ಟೇ ಕಲಿತಿದ್ದೆ. ನಾಲ್ಕು ವರ್ಷ ಮುನ್ನೂರ ಅರವತ್ತನಾಲ್ಕು ದಿನ ಎಂದು ಎಣಿಸಿದೆ. ಐದು ವರ್ಷದ ದರ ಬಿಟ್ಟು ನಾಲ್ಕು ವರ್ಷದ ದರ ಹಿಡಿದೆ, ಅದರಲ್ಲಿ ಒಂದು ಪರ್ಸೆಂಟ್ ಕಳೆದೆ, ಒಂದು ಪೈಸೆ ಆಚೀಚೆ ಆಗದಂತೆ ವೋಚರ್ ಬರೆದೆ. ಆಫೀಸರ್ ನೋಡಿ ಭೇಷ್ ಅಂದರು. ಪುಟ್ಟಸ್ವಾಮಪ್ಪ ತೋರಿಸಿದ ಕಡೆ ಸೈನ್ ಹಾಕಿ, ದುಡ್ಡು ತೆಗೆದುಕೊಂಡು, ಕೈಮುಗಿದು ಹೋದರು. ಲೆಕ್ಕ ಸರಿಯಾಗಿತ್ತು, ತಲೆ ಮಾತ್ರ ಓಡಿರಲಿಲ್ಲ.

ಒಂದು ತಿಂಗಳಾದ ಮೇಲೆ ಅವರು ಮತ್ತೆ ಬಂದರು. ಫ್ಯಾಕ್ಟರಿಯಲ್ಲಿ ಯಾರೋ ಅವರಿಗೆ ವಿಷಯ ಬಿಡಿಸಿ ಹೇಳಿದ್ದರು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೂಗಾಡಲಿಲ್ಲ.

"ಅಮ್ಮಾ, ನಾಳೆ ಬನ್ನಿ ಅಂದಿದ್ರೆ ನಾನು ಬರ್ತಿರಲಿಲ್ವಾ?" ಅಂದರು.

ಮ್ಯಾನೇಜರ್ ಹತ್ತಿರ ಹೋದೆ. ವೋಚರ್ ಪಾಸಾಗಿದೆ, ಗಿರಾಕಿ ಸೈನ್ ಹಾಕಿದ್ದಾನೆ, ಇನ್ನೇನು ಅಂದರು. ನಾನು ಮನೆಗೆ ಹೋಗಿ ಅತ್ತೆ. ಆಮೇಲೆ ಆರು ತಿಂಗಳು ಸಂಬಳದಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟು, ಅವರಿಗೆ ನಷ್ಟವಾದಷ್ಟನ್ನು ಕವರಿನಲ್ಲಿ ಹಾಕಿ ಕೊಟ್ಟೆ. ಬ್ಯಾಂಕೇ ವಾಪಸ್ ಕೊಟ್ಟಿದೆ ಎಂದು ಅವರು ತಿಳಿದುಕೊಂಡರು, ನಾನೂ ತಿದ್ದಲಿಲ್ಲ. ನಮ್ಮ ವೃತ್ತಿಯಲ್ಲಿ ಇದು ಹಳೇ ಪದ್ಧತಿ. ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಜೇಬಿನಿಂದ ತುಂಬುತ್ತಾನೆ, ಗಲಾಟೆಯಿಲ್ಲದೆ ಸಂಜೆ ಬಾಗಿಲು ಹಾಕುತ್ತಾರೆ. ನಾನು ಬಹಳ ದೊಡ್ಡ ಕೆಲಸ ಮಾಡಿದೆನೆಂದು ಎಷ್ಟೋ ವರ್ಷ ಒಳಗೊಳಗೇ ಬೀಗಿದ್ದೇನೆ. ಮಾರನೇ ವರ್ಷ ಪಕ್ಕದ ಕೌಂಟರಿಗೆ ಬಂದ ಹೊಸ ಕ್ಲರ್ಕ್ ಇನ್ನೊಬ್ಬರ ಠೇವಣಿಯನ್ನು ಎರಡು ದಿನ ಮುಂಚೆ ಮುರಿದು ಕೊಟ್ಟ. ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ವಿಜಯನಗರಕ್ಕೆ ಬಂದ ಮೇಲೆ ನನಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಬ್ರಾಂಚಿನ ಒಳಗೋಡೆಯ ಮೇಲೆ ಬಡ್ಡಿ ದರದ ದೊಡ್ಡ ಬೋರ್ಡ್ ಇತ್ತು, ಅದಕ್ಕೆ ಅಂಕಿ ಬರೆದ ತಗಡುಗಳನ್ನು ಸಿಕ್ಕಿಸಬೇಕಿತ್ತು. ದರ ಬದಲಾದಾಗಲೆಲ್ಲ ಸ್ಟೂಲ್ ಹತ್ತಿ ತಗಡು ಬದಲಿಸುವುದು ನನ್ನ ಪಾಲಿಗೆ ಬಂತು. ಹತ್ತುತ್ತಿದ್ದುದು ನಾನು, ಇಳಿಯುತ್ತಿದ್ದುದು ದರ. ಮಾರೇನಹಳ್ಳಿಯ ಚಿಕ್ಕಹೊನ್ನಪ್ಪ ಗೌಡರು ಇದನ್ನು ಚೆನ್ನಾಗಿ ಗಮನಿಸಿದ್ದರು. ಅವರ ಹೊಲವೆಲ್ಲ ಹಿಂದೆಯೇ ಲೇಔಟ್ ಆಗಿ, ಬಂದ ದುಡ್ಡು ನಮ್ಮಲ್ಲಿ ಠೇವಣಿಯಾಗಿತ್ತು. ನಮ್ಮ ಬ್ರಾಂಚ್ ಇರುವುದೇ ತಮ್ಮ ರಾಗಿ ಹೊಲದ ಮೇಲೆ ಎಂದು ಅವರ ವಾದ. ಇರಬಹುದು, ನಾವು ಯಾರೂ ಪತ್ರ ನೋಡಿರಲಿಲ್ಲ.

"ಏನಮ್ಮಾ, ಮತ್ತೆ ಸ್ಟೂಲ್ ಹತ್ತಿದ್ಯಾ? ನೀನು ಹತ್ತಿದ ದಿನವೆಲ್ಲಾ ನಮ್ಗೆ ಲಾಸು ಕಣಮ್ಮ."

"ನಾನೇನ್ ಮಾಡ್ಲಿ ಗೌಡ್ರೇ, ಮೇಲಿಂದ ಸರ್ಕ್ಯುಲರ್ ಬಂದಿದೆ."

"ಆಯ್ತು ಬಿಡು. ನನ್ ಮಗ ನಿಮ್ ಹತ್ರಾನೇ ಮನೆ ಸಾಲ ತಗೊಂಡವ್ನೆ. ಅದ್ರ ಬಡ್ಡಿ ಯಾವಾಗ ಇಳೀತದೆ?"

"ಅದಕ್ಕೆ ಸ್ವಲ್ಪ ಟೈಮ್ ಆಗುತ್ತೆ."

"ಅಂದ್ರೆ ನಾವ್ ಕೊಟ್ಟ ದುಡ್ಗೆ ಬೆಳಗ್ಗೇನೇ ಇಳೀತದೆ, ನಾವ್ ಈಸ್ಕೊಂಡಿದ್ದಕ್ಕೆ ಯಾವಾಗ್ಲೋ ಇಳೀತದೆ. ತಕ್ಕಡಿ ಬೋ ಚೆನ್ನಾಗೈತೆ ನಿಮ್ದು!"

ನಾನು ತಗಡು ಸಿಕ್ಕಿಸಿ ಸ್ಟೂಲಿನಿಂದ ಇಳಿದೆ. ಹೀಗೇಕೆ ಎಂದು ಇವತ್ತಿಗೂ ಗೊತ್ತಿಲ್ಲ. ಯಾವ ಸಾಹೇಬರೂ ನನಗೆ ಅದನ್ನು ವಿವರಿಸಲಿಲ್ಲ, ಕೇಳಿದಾಗ ಗಡಿಯಾರ ನೋಡಿಕೊಂಡರು. ಆಮೇಲೆ ಬೋರ್ಡ್ ಹೋಗಿ ಟಿವಿ ಬಂತು, ಅಂಕಿಗಳು ತಾವಾಗಿ ಬದಲಾಗತೊಡಗಿದವು. ಬೈಯುವುದಕ್ಕೆ ಸ್ಟೂಲಿನ ಮೇಲೆ ಒಬ್ಬಳು ಇದ್ದಳಲ್ಲ, ಗೌಡರಿಗೆ ಅದೂ ತಪ್ಪಿಹೋಯಿತು.

ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದದ್ದರಿಂದ ಕೆಲಸ ಹಗುರವಾಯಿತು, ಸುಳ್ಳು ಹೇಳಬಾರದು. ಆದರೆ ಲೆಡ್ಜರ್ ಕಾಲದಲ್ಲಿ ಮಾಡಲಾಗದ ತಪ್ಪುಗಳನ್ನೂ ಮಾಡಲು ಸಾಧ್ಯವಾಯಿತು. ಪೆನ್ನಿನಲ್ಲಿ ಪ್ರತಿಯೊಬ್ಬರಿಗೂ ಹೊಸದಾಗಿ ಬರೆಯಬೇಕು. ನಮ್ಮ ಕಂಪ್ಯೂಟರಿನಲ್ಲಿ ಹಾಗಲ್ಲ, ಸ್ಕ್ರೀನ್ ಅಳಿಸದೆ ಮುಂದಿನ ಅರ್ಜಿ ಶುರು ಮಾಡಿದರೆ ಹಿಂದಿನವರ ಅವಧಿ ಹಾಗೇ ಕೂತಿರುತ್ತಿತ್ತು. ನಾನು ಕಂಪ್ಯೂಟರಿಗೆ ಹಾಕಿದ್ದನ್ನು ಒಬ್ಬ ಆಫೀಸರ್ ನೋಡಿ ಒಪ್ಪಬೇಕೆಂಬ ನಿಯಮವೇನೋ ಇತ್ತು. ಕೌಂಟರಿನಲ್ಲಿ ನಲವತ್ತು ಜನ ನಿಂತಾಗ ಅವರು ನೋಡುತ್ತಿರಲಿಲ್ಲ, ಒಪ್ಪುತ್ತಿದ್ದರು.

ನಾನು ನಿವೃತ್ತಿಯಾಗಲು ಹತ್ತೊಂಬತ್ತು ದಿನ ಉಳಿದಿದ್ದ ಒಂದು ಶುಕ್ರವಾರ ರತ್ನಮ್ಮ ಬಂದರು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಟೈಲರ್ ಆಗಿದ್ದವರು. ಫ್ಯಾಕ್ಟರಿ ಮುಚ್ಚಿದಾಗ ಬಂದ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ ಒಂಬತ್ತು ಲಕ್ಷ ನಮ್ಮಲ್ಲಿಟ್ಟಿದ್ದರು. ತಿಂಗಳು ತಿಂಗಳು ಬರುವ ಬಡ್ಡಿ ದೀಪಾಂಜಲಿ ನಗರದ ಮನೆಯ ಬಾಡಿಗೆಗೆ ಹೋಗುತ್ತಿತ್ತು. ಕೆಂಗೇರಿಯಲ್ಲಿ ಅವರ ಜೊತೆ ಕೆಲಸ ಮಾಡಿದವರೊಬ್ಬರ ಮನೆ ಇತ್ತು, ಅದರ ಕೆಳಗಿನ ಭಾಗವನ್ನು ಒಂಬತ್ತು ಲಕ್ಷಕ್ಕೆ ಲೀಸಿಗೆ ಕೊಡುವುದೆಂದು ಮಾತಾಗಿತ್ತು. ಲೀಸ್ ಅಂದರೆ ಗೊತ್ತಲ್ಲ, ಒಂದೇ ಸಲ ಗಂಟು ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಗಂಟು ವಾಪಸ್. ಆ ಮನೆಯಲ್ಲಿದ್ದವರ ಲೀಸ್ ಮುಗಿಯಲು ಎರಡು ವರ್ಷ ಇದ್ದುದರಿಂದಲೇ ರತ್ನಮ್ಮ ಎರಡು ವರ್ಷಕ್ಕೆ ಎಫ್‌ಡಿ ಇಟ್ಟಿದ್ದರು. ಈಗ ಸೋಮವಾರ ಇವರು ದುಡ್ಡು ಕೊಟ್ಟರೆ ಓನರ್ ಅದನ್ನೇ ಹಳಬರಿಗೆ ಕೊಡುತ್ತಾರೆ, ಅವರು ಖಾಲಿ ಮಾಡುತ್ತಾರೆ, ಇವರು ಒಳಗೆ ಹೋಗುತ್ತಾರೆ. ಸೋಮವಾರ ತಪ್ಪಿದರೆ ಓನರ್ ಹತ್ತಿರ ಬೇರೆ ಪಾರ್ಟಿ ಸಿದ್ಧವಾಗಿತ್ತು.

"ಮೇಡಂ, ಎರಡು ವರ್ಷ ಆಯ್ತು. ಪೂರ್ತಿ ದುಡ್ಡು ಬೇಕು."

ಸ್ಕ್ರೀನ್ ನೋಡಿದೆ. "ಇನ್ನೂ ಒಂದು ವರ್ಷ ಇದೆಯಲ್ಲಮ್ಮಾ. ಮೂವತ್ತಾರು ತಿಂಗಳು ಅಂತಿದೆ."

"ಅದ್ಹೆಂಗೆ? ನಾನು ಎರಡು ವರ್ಷ ಅಂತಾನೇ ಬರೆದಿದ್ದು."

"ಬಾಂಡಲ್ಲೂ ಹಾಗೇ ಪ್ರಿಂಟಾಗಿದೆ ನೋಡಿ. ಆಗ್ಲೇ ನೋಡ್ಕೋಬೇಕಿತ್ತು."

"ಇಂಗ್ಲಿಷಲ್ಲಿದೆ ಮೇಡಂ. ನಿಮ್ಮನ್ನ ನಂಬಿ ಟ್ರಂಕಲ್ಲಿ ಇಟ್ಟೆ."

ಮುರಿದರೆ ಎಷ್ಟು ಬರುತ್ತದೆಂದು ಲೆಕ್ಕ ತೆಗೆದೆ. ಎರಡು ವರ್ಷಕ್ಕೂ ಮೂರು ವರ್ಷಕ್ಕೂ ದರ ಒಂದೇ ಇತ್ತು, ಆದರೆ ಒಂದು ಪರ್ಸೆಂಟಿನಂತೆ ಎರಡು ವರ್ಷಕ್ಕೆ ಹದಿನೆಂಟು ಸಾವಿರ ಕಡಿತ. ಬಡ್ಡಿಯನ್ನು ಆಗಲೇ ತಿಂಗಳು ತಿಂಗಳು ಕೊಟ್ಟಾಗಿದೆ, ಆದ್ದರಿಂದ ಹದಿನೆಂಟು ಸಾವಿರವನ್ನು ಅಸಲಿನಿಂದಲೇ ಹಿಡಿಯಬೇಕು. ಕೈಗೆ ಬರುವುದು ಎಂಟು ಲಕ್ಷದ ಎಂಬತ್ತೆರಡು ಸಾವಿರ. ಎಫ್‌ಡಿ ಮೇಲೆ ಸಾಲ ತೆಗೆದರೆ ಇನ್ನೂ ಕಡಿಮೆ, ನೂರಕ್ಕೆ ತೊಂಬತ್ತರಂತೆ ಎಂಟು ಲಕ್ಷದ ಹತ್ತು ಸಾವಿರ ಮಾತ್ರ. ಇಷ್ಟನ್ನೂ ಹೇಳಿ, ಎಫ್‌ಡಿ ಮುರಿಸುವ ಚೀಟಿಯನ್ನು ಅವರ ಮುಂದಿಟ್ಟೆ.

"ಎರಡು ವರ್ಷ ಇಟ್ಕೊಂಡು, ನಾನು ಕೊಟ್ಟಿದ್ದಕ್ಕಿಂತ ಕಮ್ಮಿ ಕೊಡ್ತೀರಾ?" ರತ್ನಮ್ಮನ ಧ್ವನಿ ಏರಿತು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಹದಿನೆಂಟು ಸಾವಿರ ನಾನು ಯಾರ ಹತ್ರಾನಾದ್ರೂ ಕೈಸಾಲ ತರ್ತೀನಿ, ಅದು ದೊಡ್ಡದಲ್ಲ. ಈ ಚೀಟಿಗೆ ಮಾತ್ರ ಸೈನ್ ಹಾಕಲ್ಲ. ಹಾಕಿದ್ರೆ ತಪ್ಪು ನಂದೇ ಅಂತ ಒಪ್ಕೊಂಡಂಗೆ."

ಹೋಗಿ ಟಿವಿ ಕೆಳಗಿನ ಸೋಫಾದಲ್ಲಿ ಕೂತರು. ಏಳುವ ಲಕ್ಷಣ ಕಾಣಲಿಲ್ಲ. ಸೈನ್ ಹಾಕದಿದ್ದರೆ ಮನೆ ಹೋಗುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಊಟದ ಹೊತ್ತಿನಲ್ಲಿ ರೆಕಾರ್ಡ್ ರೂಮಿಗೆ ಹೋಗಿ ಎರಡು ವರ್ಷದ ಹಿಂದಿನ ಆ ತಿಂಗಳ ಅರ್ಜಿಗಳ ಕಟ್ಟು ಇಳಿಸಿದೆ. ಧೂಳು ಕೊಡವಿ ಹುಡುಕಿದಾಗ ರತ್ನಮ್ಮನ ಅರ್ಜಿ ಸಿಕ್ಕಿತು. ದುಂಡಗಿನ ಕನ್ನಡ ಅಕ್ಷರದಲ್ಲಿ 'ಎರಡು ವರ್ಷ' ಎಂದಿತ್ತು. ಅದರ ಹಿಂದಿನ ಅರ್ಜಿ ಬೇರೆ ಯಾರದೋ, ಮೂವತ್ತಾರು ತಿಂಗಳಿನದು. ಸ್ಕ್ರೀನ್ ಅಳಿಸದೆ ಮುಂದುವರಿದ ಮಹಾನುಭಾವರು ಯಾರೆಂದು ಮೂಲೆಯ ಸಹಿ ನೋಡಿದರೆ, ಅದು ನನ್ನದು. ಕೆಳಗೆ ನೋಡದೆ ಒಪ್ಪಿದವರ ಸಹಿ ಸತೀಶ್ ಅವರದು. ಆಗ ಅವರು ಆಫೀಸರ್, ಈಗ ಅದೇ ಬ್ರಾಂಚಿನ ಇನ್‌ಚಾರ್ಜ್ ಮ್ಯಾನೇಜರ್.

ಅರ್ಜಿ ತಂದು ಅವರ ಮುಂದಿಟ್ಟೆ. ಸತೀಶ್ ಕೆಟ್ಟವರಲ್ಲ, ಹೆದರಿದವರು. ಬಾಗಿಲು ಹಾಕಿಕೊಂಡು ಬಂದು ಕೂತರು.

"ಸುಶೀಲಾ ಮೇಡಂ, ಇದನ್ನ ಮೇಲೆ ಬರೆದ್ರೆ ಇಬ್ಬರಿಗೂ ಮೆಮೊ. ನೀವು ರಿಟೈರ್ ಆಗೋ ಹೊತ್ತಲ್ಲಿ ಎನ್‌ಕ್ವೈರಿ ಶುರುವಾದ್ರೆ ಗ್ರಾಚ್ಯುಟಿ ತಡೆಹಿಡೀತಾರೆ. ಒಂದು ಕೆಲಸ ಮಾಡೋಣ. ನೀವೊಂದು ಒಂಬತ್ತು ಸಾವಿರ ಹಾಕಿ, ನಾನೊಂದು ಒಂಬತ್ತು ಹಾಕ್ತೀನಿ. ಆಯಮ್ಮ ಸೈನ್ ಹಾಕಲಿ. ಅವರಿಗೂ ಪೂರ್ತಿ ದುಡ್ಡು, ನಮಗೂ ನೆಮ್ಮದಿ."

ನಾನು ಒಪ್ಪಿದೆ. ಇದನ್ನು ಮುಚ್ಚಿಡುವುದಿಲ್ಲ. ಒಪ್ಪಿದ್ದಷ್ಟೇ ಅಲ್ಲ, ಎಷ್ಟು ಒಳ್ಳೆಯ ಮನುಷ್ಯ ಇವರು ಎಂದುಕೊಂಡೆ, ನನ್ನ ಬಗ್ಗೆಯೂ ಹಾಗೇ ಅಂದುಕೊಂಡೆ. ಬಸವೇಶ್ವರನಗರದ ನನ್ನ ಮನೆಯ ಸಾಲ ತೀರಿಸಲು ಆ ಗ್ರಾಚ್ಯುಟಿಯನ್ನೇ ನಂಬಿದ್ದೆ. ಖುಷಿಯಿಂದ ಸೋಫಾದ ಹತ್ತಿರ ಹೋದೆ.

"ರತ್ನಮ್ಮಾ, ನಿಮಗೆ ಒಂಬತ್ತು ಲಕ್ಷ ಪೂರ್ತಿ ಸಿಗುತ್ತೆ. ಈ ಚೀಟಿಗೆ ಸೈನ್ ಹಾಕಿ. ಕಮ್ಮಿ ಬೀಳೋದನ್ನ ನಾನೂ ಸಾಹೇಬ್ರೂ ಕೈಯಿಂದ ಕೊಡ್ತೀವಿ."

"ನೀವ್ಯಾಕೆ ಕೊಡ್ತೀರಾ?"

"ತಪ್ಪು ನಮ್ಮಿಂದ ಆಗಿದೆ."

"ಹಂಗಂತ ಬರ್ಕೊಡ್ತೀರಾ?"

ನಾನು ಚೀಟಿಯನ್ನು ಇನ್ನಷ್ಟು ಮುಂದೆ ಚಾಚಿದೆ.

"ನಿಮ್ಮ ಸಂಬಳದ ದುಡ್ಡು ನಂಗ್ಯಾಕೆ ಮೇಡಂ? ಹಿಡ್ಕೊಂತಿರೋದು ಬ್ಯಾಂಕು, ಬ್ಯಾಂಕೇ ಕೊಡ್ಲಿ. ಗಾರ್ಮೆಂಟ್ಸಲ್ಲಿ ಪೀಸ್ ಹಾಳಾದ್ರೆ ನಮ್ ಸಂಬಳದಲ್ಲಿ ಹಿಡೀತಿದ್ರು. ಮಿಷಿನ್ ಕೆಟ್ಟಿದೆ ಅಂತ ಯಾರೂ ಬರೀತಿರಲಿಲ್ಲ. ನಾವು ಕಟ್ತಾನೇ ಇದ್ವಿ, ಮಿಷಿನ್ ಕೆಟ್ಟೇ ಇತ್ತು."

ಚೀಟಿ ಹಿಡಿದುಕೊಂಡು ಕೌಂಟರಿಗೆ ವಾಪಸ್ ಬಂದು ಕೂತೆ. ಪುಟ್ಟಸ್ವಾಮಪ್ಪನವರಿಗೆ ಕೊಟ್ಟ ಕವರಿನ ಬಗ್ಗೆ ಮೂವತ್ತು ವರ್ಷ ಬೀಗಿದವಳು ನಾನು. ಆ ಕವರಿನಿಂದ ಅವರ ನಷ್ಟ ತುಂಬಿತು, ನಿಜ. ಆದರೆ ಬ್ಯಾಂಕಿಗೆ ವಿಷಯವೇ ತಿಳಿಯಲಿಲ್ಲ, ಪಕ್ಕದ ಕೌಂಟರಿನವನಿಗೂ ತಿಳಿಯಲಿಲ್ಲ, ಅದಕ್ಕೇ ಮಾರನೇ ವರ್ಷ ಇನ್ನೊಬ್ಬರ ದುಡ್ಡು ಹೋಯಿತು. ನನ್ನ ಒಳ್ಳೆಯತನ ಬ್ಯಾಂಕಿಗೆ ಬಹಳ ಅಗ್ಗವಾಗಿ ಸಿಕ್ಕಿತ್ತು. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಅಕ್ಷರ ಚೆನ್ನಾಗಿ ಬರುತ್ತದೆ. ಒಂದು ಹಾಳೆ ತೆಗೆದುಕೊಂಡು ಬರೆದೆ. ಗಿರಾಕಿ ಬರೆದದ್ದು ಎರಡು ವರ್ಷ, ನಾನು ಒತ್ತಿದ್ದು ಮೂರು ವರ್ಷ, ತಪ್ಪು ನನ್ನದು, ಠೇವಣಿ ಅವಧಿ ಮುಗಿದದ್ದೆಂದು ತಿಳಿದು ದಂಡವಿಲ್ಲದೆ ಅಸಲು ಕೊಡತಕ್ಕದ್ದು.

ಸತೀಶ್ ಓದಿ ಪಕ್ಕಕ್ಕಿಟ್ಟರು. "ಇದನ್ನ ನಾನು ಫಾರ್ವರ್ಡ್ ಮಾಡಲ್ಲ ಮೇಡಂ. ಹತ್ತೊಂಬತ್ತು ದಿನ ಸುಮ್ನಿರೋಕಾಗಲ್ವಾ ನಿಮಗೆ?"

"ಮೂವತ್ತನಾಲ್ಕು ವರ್ಷ ಸುಮ್ನಿದ್ದೆ ಸಾರ್."

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಗೊತ್ತು ಸಾರ್. ಅದಕ್ಕೇ ನಿಮ್ಮ ಹೆಸರು ಬರೆದಿಲ್ಲ. ನಿಮ್ಮ ಸೈನ್ ಅರ್ಜೀಲಿದೆ, ಅದನ್ನ ನಾನು ಅಳಿಸೋಕಾಗಲ್ಲ."

ಅರ್ಜಿಯನ್ನೂ ಪತ್ರವನ್ನೂ ಫೋಟೊ ತೆಗೆದು ನಾನೇ ರೀಜನಲ್ ಆಫೀಸಿಗೆ ಮೇಲ್ ಮಾಡಿದೆ, ಸತೀಶ್ ಅವರಿಗೂ ಒಂದು ಕಾಪಿ ಕಳಿಸಿದೆ. ಬೆನ್ನ ಹಿಂದೆ ಮಾಡಿದೆ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಶನಿವಾರ ಬೆಳಗ್ಗೆಯಿಂದ ಫೋನ್ ಹಿಡಿದು ಕೂತೆ. ಮೂರು ಕಡೆ ತಿರುಗಿ ಕೊನೆಗೊಬ್ಬರು ಸಿಕ್ಕರು. ಇಂಥದ್ದಕ್ಕೆಲ್ಲ ಹದಿನೈದು ದಿನ ಬೇಕು ಅಂದರು. ಹದಿನೈದು ದಿನವಾದರೆ ಆ ಹೆಂಗಸಿಗೆ ಮನೆ ಇರುವುದಿಲ್ಲ, ನಾನು ಈ ಪತ್ರವನ್ನು ಗಿರಾಕಿಯ ಕೈಗೇ ಕೊಟ್ಟು ದೂರು ಬರೆಸುತ್ತೇನೆ ಅಂದೆ.

"ಇಂಥ ಕೇಸ್ ನಿಮ್ಮ ಬ್ರಾಂಚಲ್ಲಿ ಇನ್ನೂ ಇದಾವಾ ಮೇಡಂ?"

"ಹುಡುಕಿದ್ರೆ ಗೊತ್ತಾಗುತ್ತೆ ಸಾರ್. ಇಲ್ಲಿವರೆಗೂ ಯಾರೂ ಹುಡುಕಿಲ್ಲ."

ಆಮೇಲೆ ಹುಡುಕಿಸಿದರು. ಅದೇ ತಿಂಗಳ ಕಟ್ಟಿನಲ್ಲಿ ಇನ್ನೂ ನಾಲ್ಕು ಸಿಕ್ಕವು. ಆ ನಾಲ್ವರಿಗೂ ತಮ್ಮ ಬಾಂಡಿನಲ್ಲಿ ತಪ್ಪಿದೆ ಎಂಬುದೇ ಗೊತ್ತಿರಲಿಲ್ಲ. ಅವತ್ತು ನಾವಿಬ್ಬರೂ ಒಂಬತ್ತೊಂಬತ್ತು ಸಾವಿರ ಹಾಕಿ ಕೈತೊಳೆದುಕೊಂಡಿದ್ದರೆ ಆ ನಾಲ್ಕು ಕಟ್ಟಿನಲ್ಲೇ ಇರುತ್ತಿದ್ದವು.

ನನಗೇನಾಯಿತು ಎಂದು ನೀವು ಕೇಳುತ್ತೀರಿ, ಹೇಳಿಬಿಡುತ್ತೇನೆ. ಮೆಮೊ ಬಂತು. ಬೀಳ್ಕೊಡುಗೆಯ ದಿನ ಹಾರವೂ ಮೆಮೊಗೆ ಕೊಡಬೇಕಾದ ಉತ್ತರವೂ ಒಂದೇ ಚೀಲದಲ್ಲಿ ಮನೆಗೆ ಬಂದವು. ಗ್ರಾಚ್ಯುಟಿ ಆರು ತಿಂಗಳು ತಡವಾಯಿತು, ಅಷ್ಟೂ ತಿಂಗಳು ಮನೆ ಸಾಲಕ್ಕೆ ಬಡ್ಡಿ ಕಟ್ಟಿದೆ. ಸತೀಶ್ ಅವರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ಅವರು ಈಗಲೂ ಸಿಕ್ಕಾಗ ಮಾತಾಡಿಸುತ್ತಾರೆ. ತಡವಾದ ಗ್ರಾಚ್ಯುಟಿಗೆ ಬಡ್ಡಿ ಕೊಡಿ ಎಂದು ನಾನು ಅರ್ಜಿ ಹಾಕಿದ್ದೇನೆ. ಬ್ಯಾಂಕಿಗೆ ಒಂದು ದಿನ ಕಡಿಮೆಯಾದರೂ ದಂಡ ಬೇಕಾದರೆ, ನನಗೆ ಆರು ತಿಂಗಳಿಗೆ ಬೇಡವೇ? ಬಿಡುವುದಿಲ್ಲ.

ಇನ್ನು ಆ ಸೋಮವಾರದ ಮಾತು. ಬೆಳಗ್ಗೆ ಹತ್ತಕ್ಕೇ ರತ್ನಮ್ಮ ಅದೇ ಸೋಫಾದಲ್ಲಿ ಬಂದು ಕೂತಿದ್ದರು. ಮೊಬೈಲಿಗೆ ಕೆಂಗೇರಿಯ ಓನರ್ ಎರಡು ಸಲ ಫೋನ್ ಮಾಡಿದರು, ಎರಡು ಸಲವೂ ಇವರು ಬ್ಯಾಂಕಲ್ಲಿದೀನಿ ಅಂದರು, ಅಷ್ಟೇ. ಹನ್ನೆರಡೂವರೆಗೆ ಮೇಲಿನಿಂದ ಮಂಜೂರಾತಿ ಬಂತು. ಹೊಸ ಚೀಟಿ ಕೊಟ್ಟೆ. ಅವರು ಸೈನ್ ಹಾಕಲಿಲ್ಲ, ಓದಿ ಹೇಳಿ ಅಂದರು. ಇಂಗ್ಲಿಷಿನ ಒಂದೊಂದು ಸಾಲನ್ನೂ ಬೆರಳಿಟ್ಟು ಕೇಳಿದರು, ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಕಡಿತ ಸೊನ್ನೆ, ಅಸಲು ಒಂಬತ್ತು ಲಕ್ಷ ಎಂದ ಮೇಲೆ ಪೆನ್ ತೆಗೆದುಕೊಂಡರು. ದುಡ್ಡು ಓನರ್ ಖಾತೆಗೆ ಹೋಯಿತು. ಹತ್ತು ನಿಮಿಷಕ್ಕೆ ಅವರಿಂದ ಫೋನ್ ಬಂತು, ಸಂಜೆ ಬಂದು ಬೀಗದ ಕೈ ತಗೊಳ್ಳಿ ಅಂತ.

ರತ್ನಮ್ಮ ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ನಾನು ಕಾದೆ. ಮೂರು ದಿನ ನ್ಯಾಯಕ್ಕಾಗಿ ಹೊಡೆದಾಡಿದವಳು, ನನಗೂ ಆಸೆ ಇರುವುದಿಲ್ಲವೇ? ಕೊನೆಗೆ ನಾನೇ ಬಾಯಿಬಿಟ್ಟೆ.

"ಏನ್ ರತ್ನಮ್ಮಾ, ಒಂದು ಥ್ಯಾಂಕ್ಸೂ ಇಲ್ವಾ?"

ಅವರು ನಿಂತು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ದುಡ್ಡು ಯಾರ್ದು ಮೇಡಂ?"

"ನಿಮ್ದೇ."

"ಮತ್ತೆ?"

ಅಷ್ಟೇ ಹೇಳಿ ಬಾಗಿಲು ತಳ್ಳಿಕೊಂಡು ಹೋದರು. ಮೂವತ್ತನಾಲ್ಕು ವರ್ಷ ಜನ ತಮ್ಮ ದುಡ್ಡನ್ನೇ ತಾವು ತೆಗೆದುಕೊಂಡು ನನಗೆ ಕೈಮುಗಿಯುತ್ತಿದ್ದರು, ನಾನೂ ದಾನ ಕೊಟ್ಟವಳಂತೆ ತಲೆ ಆಡಿಸುತ್ತಿದ್ದೆ. ಕೈಮುಗಿಯದೆ ಹೋದ ಮೊದಲನೆಯವರು ರತ್ನಮ್ಮ. ನಿಮ್ಮ ಕೌಂಟರಿಗೂ ಅಂಥವರು ಬರುತ್ತಾರೆ. ಬಂದಾಗ ಎದ್ದು ನಿಂತು ಕೆಲಸ ಮಾಡಿಕೊಡಿ.